ಹದಿನೇಳನೇ ನಂಬರಿನ ಕಯೋಟಿ

ಫಾಲೋಫೀಲ್ಡ್, ಮ್ಯಾಂಚೆಸ್ಟರ್
14 ಸೆಪ್ಟೆಂಬರ್ 2024

ಖಾಸಿಂ ಚಾಚಾ,

ಸಲಾಂ. ಮೊನ್ನೆ ಫೋನಿನಲ್ಲಿ ನಾವಿಬ್ಬರೂ ನಾಲ್ಕು ನಿಮಿಷ ಮಾತಾಡಿದೆವು, ಅದರಲ್ಲಿ ಮೂರು ನಿಮಿಷ ಮನೆಯ ಕೆಟ್ಟುಹೋದ ಬಾಯ್ಲರ್ ಬಗ್ಗೆ. ಫೋನ್ ಇಟ್ಟ ಮೇಲೆ ಮೊದಲು ನಗು ಬಂತು, ಆಮೇಲೆ ಬೇಜಾರಾಯಿತು. ಅದಕ್ಕೇ ಹಳೆಯ ದಾರಿ ಹಿಡಿದಿದ್ದೇನೆ. ನಿಮಗೆ ಆಸ್ಪತ್ರೆಯ ಪಾಳಿ, ನನಗೆ ಸ್ಕೂಲು ಇದ್ದ ದಿನಗಳಲ್ಲಿ ನೀವು ಅಡುಗೆಮನೆಯ ಟೇಬಲ್ಲಿನ ಮೇಲೆ ಚೀಟಿ ಬರೆದಿಟ್ಟು ಹೋಗುತ್ತಿದ್ದಿರಿ, ನಾನು ಅದರ ಬೆನ್ನಿಗೆ ಉತ್ತರ ಬರೆಯುತ್ತಿದ್ದೆ. ಮನೆಯಲ್ಲಿ ಮಾತೆಲ್ಲ ದಖನಿ, ಬರೆಯುವುದಕ್ಕೆ ಮಾತ್ರ ಇಬ್ಬರಿಗೂ ಉರ್ದು ಬಾರದು. ನಿಮ್ಮದು ರಾಣೆಬೆನ್ನೂರಿನ ಸರ್ಕಾರಿ ಶಾಲೆಯ ಕನ್ನಡ, ನನ್ನದು ಹುಬ್ಬಳ್ಳಿಯಲ್ಲಿ ಮೂರನೇ ಕ್ಲಾಸಿಗೆ ನಿಂತ ಕನ್ನಡ. ಅದು ಇಲ್ಲಿಯವರೆಗೆ ಬದುಕಿದ್ದರೆ ಆ ಚೀಟಿಗಳಿಂದಲೇ.

ವಿಷಯ ಏನೆಂದರೆ, ನನ್ನ ನಿಕಾಹ್ ಏಪ್ರಿಲ್‌ನಲ್ಲಿ ಅಂತ ನಿಶ್ಚಯವಾಗಿದೆ. ಇಲ್ಲೇ ಮ್ಯಾಂಚೆಸ್ಟರಿನ ಮಸೀದಿಯ ಹಾಲ್‌ನಲ್ಲಿ. ಶಾರಿಕ್ ಸಾಲ್ಫರ್ಡಿನ ಆಫೀಸಿನಿಂದ ಟ್ರಾಮ್ ಹಿಡಿದು ಬಂದು ಎರಡು ಹಾಲ್ ನೋಡಿ, ಎರಡನೆಯದನ್ನು ಒಪ್ಪಿಕೊಂಡ. ಅವನ ಅಮ್ಮ ಮೈಸೂರಿನಿಂದ ಫೋನ್ ಮಾಡಿ, "ಹುಡುಗಿ ಕಡೆ ಅಪ್ಪನ ಜಾಗದಲ್ಲಿ ಯಾರಮ್ಮಾ ಕೂರ್ತಾರೆ?" ಅಂತ ಕೇಳಿದರು. ಒಳ್ಳೆಯ ಮನಸ್ಸಿನಿಂದಲೇ ಕೇಳಿದರು. ತಡೆಯಿರಿ, ಹೇಳುತ್ತೇನೆ ಅಂದೆ. ಅದನ್ನು ನಿಮ್ಮ ಹತ್ತಿರ ಎದುರಿಗೆ ಕೂತು ಮಾತಾಡಬೇಕು. ಒಂದು ಭಾನುವಾರ ಬನ್ನಿ. ಶೆಫೀಲ್ಡಿನಿಂದ ಒಂದು ಗಂಟೆಯ ರೈಲು, ಸಮುದ್ರ ದಾಟಬೇಕಿಲ್ಲ.

ಥೀಸಿಸ್ ಕೆಲಸದ ಬಗ್ಗೆ ಕೇಳಿದಿರಿ. ಅಮೆರಿಕದ ಪೂರ್ವ ಕರಾವಳಿಯ ಜೌಗು ನೆಲದಲ್ಲಿ ಕೆಂಪು ತೋಳಗಳು ಬೆರಳೆಣಿಕೆಯಷ್ಟು ಉಳಿದಿವೆ. ಕಯೋಟಿ ಅಂದರೆ ನರಿಗಿಂತ ದೊಡ್ಡದು, ತೋಳಕ್ಕಿಂತ ಚಿಕ್ಕದು, ಎಲ್ಲಿ ಬೇಕಾದರೂ ಬದುಕುವ ಪ್ರಾಣಿ. ಜೊತೆಗೆ ತೋಳ ಸಿಗದಿದ್ದರೆ ತೋಳ ಕಯೋಟಿಯ ಜೊತೆ ಸಂಸಾರ ಹೂಡುತ್ತದೆ. ಮರಿಗಳು ಎರಡರ ಬೆರಕೆ, ಹಾಗೇ ತೋಳದ ಕುಲ ಕರಗುತ್ತ ಹೋಗುತ್ತದೆ. ಅದನ್ನು ತಡೆಯಲು ಅಲ್ಲಿಯವರು ಒಂದು ಉಪಾಯ ಮಾಡಿದ್ದಾರೆ. ಕಯೋಟಿಯನ್ನು ಹಿಡಿದು, ಮರಿಯಾಗದಂತೆ ಆಪರೇಷನ್ ಮಾಡಿ, ಕೊರಳಿಗೆ ರೇಡಿಯೋ ಪಟ್ಟಿ ಕಟ್ಟಿ ಅದೇ ಜಾಗಕ್ಕೆ ಬಿಡುತ್ತಾರೆ. ಅದು ಆ ಜಾಗ ಕಾಯುತ್ತದೆ, ಬೇರೆ ಕಯೋಟಿಗಳನ್ನು ಒಳಗೆ ಬಿಡುವುದಿಲ್ಲ. ನಿಜವಾದ ತೋಳ ಬರುವ ತನಕ. ಹದಿನೇಳನೇ ನಂಬರಿನವನೊಬ್ಬ ಏಳು ವರ್ಷ ಹೀಗೆ ಕಾದಿದ್ದಾನೆ, ಒಂಟಿ ಹೆಣ್ಣು ತೋಳದ ಜೊತೆ. ಅವನ ಓಡಾಟದ ಚುಕ್ಕೆಗಳೆಲ್ಲ ನನ್ನ ಕಂಪ್ಯೂಟರಿನ ನಕ್ಷೆಯಲ್ಲಿವೆ. ನನಗೆ ಈಗ ಅವನೇ ಹೆಚ್ಚು ಪರಿಚಯ, ಪಕ್ಕದ ರೂಮಿನವರಿಗಿಂತ.

ಯಾವ ಭಾನುವಾರ ಅಂತ ತಿಳಿಸಿ.

ನಿಮ್ಮ
ಇಲ್ಮಾ


ಬ್ರೂಮ್‌ಹಿಲ್, ಶೆಫೀಲ್ಡ್
6 ಅಕ್ಟೋಬರ್ 2024

ಇಲ್ಮಾ ಬೇಟಾ,

ಪತ್ರ ಬಂದು ಮೂರು ವಾರವಾಯಿತು. ಕೋಟಿನ ಜೇಬಿನಲ್ಲೇ ಇತ್ತು. ವಾರ್ಡಿನಿಂದ ವಾರ್ಡಿಗೆ ನನ್ನ ಜೊತೆ ಓಡಾಡಿ ಅದಕ್ಕೂ ಸುಸ್ತಾಗಿದೆ.

ಭಾನುವಾರಗಳು ಸದ್ಯಕ್ಕೆ ಯಾವುದೂ ಖಾಲಿಯಿಲ್ಲ. ಇಬ್ಬರು ಕಿರಿಯ ಡಾಕ್ಟರುಗಳು ಆಸ್ಟ್ರೇಲಿಯಾಕ್ಕೆ ಹೋದರು, ಪಾಳಿಯ ರೋಟಾದಲ್ಲಿ ತೂತು ಬಿದ್ದಿದೆ. ತೂತು ಬಿದ್ದಾಗಲೆಲ್ಲ ಆಫೀಸಿನವರು ಮೊದಲು ನನ್ನ ಹೆಸರನ್ನೇ ನೋಡುತ್ತಾರೆ. ಇಪ್ಪತ್ತು ವರ್ಷದಿಂದ ನೋಡುತ್ತಿದ್ದಾರೆ, ಈಗ ಬೇಡ ಅನ್ನುವುದಕ್ಕೆ ನಾಲಗೆ ಹೊರಳುವುದಿಲ್ಲ. ಜಯಣ್ಣನಿಗೂ ಅಷ್ಟೇ. ಮೊನ್ನೆ ಕ್ಯಾಂಟೀನಿನಲ್ಲಿ ಸಿಕ್ಕಿ, "ಖಾಸಿಂ, ನಾವಿಬ್ಬರೂ ಈ ಆಸ್ಪತ್ರೆಯ ಸ್ಟೆಪ್ನಿ ಕಣಯ್ಯಾ" ಅಂದ. ಪಂಕ್ಚರ್ ಆದಾಗ ಮಾತ್ರ ಡಿಕ್ಕಿ ತೆಗೆಯುತ್ತಾರಂತೆ.

ನಿನ್ನ ಕಯೋಟಿಯ ಬಗ್ಗೆ ಯೋಚಿಸಿದೆ. ರಾಣೆಬೆನ್ನೂರಿನ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವಲ್ ಎಸೆದು ಸೀಟು ಹಿಡಿಯುತ್ತಿದ್ದೆವು. ಟವಲ್ ಇದ್ದರೆ ಯಾರೂ ಕೂರುತ್ತಿರಲಿಲ್ಲ, ಅಷ್ಟು ಮರ್ಯಾದೆ ಅದಕ್ಕೆ. ಆದರೆ ಮಾಲೀಕ ಹತ್ತಿದ ಮೇಲೆ ಟವಲಿಗೆ ಸೀಟಿಲ್ಲ, ಕೊಡವಿ ಹೆಗಲಿಗೆ ಹಾಕಿಕೊಳ್ಳುತ್ತಾನೆ. ಹದಿನೇಳನೇ ನಂಬರಿನವನದೂ ಅದೇ ಕೆಲಸ ಅಂತ ಕಾಣುತ್ತದೆ. ತೋಳ ಬಂದ ಮೇಲೆ ಅವನನ್ನು ಏನು ಮಾಡಿದರು?

ನಿಮ್ಮ ಅಮ್ಮಿ ನೆಟ್ಟ ಪುದೀನ ಕುಂಡ ದಾಟಿ ಅಂಗಳಕ್ಕೆಲ್ಲ ಹಬ್ಬಿದೆ. ಅವಳು ಹೋಗಿ ಫೆಬ್ರವರಿಗೆ ಎರಡು ವರ್ಷ. ಕೀಳಲು ಮನಸ್ಸು ಬರುವುದಿಲ್ಲ, ಇಷ್ಟೊಂದು ಪುದೀನ ತಿನ್ನುವವರೂ ಇಲ್ಲ.

ಖಾಸಿಂ


ಫಾಲೋಫೀಲ್ಡ್
20 ಅಕ್ಟೋಬರ್ 2024

ಚಾಚಾ,

ಕೇಳಿದಿರಲ್ಲ, ಹೇಳುತ್ತೇನೆ. ನನ್ನ ಲೆಕ್ಕದ ಹಾಳೆಯಲ್ಲಿ ಅವನ ಸಾಲಿನ ಕೊನೆಗೆ "ತೆಗೆಯಲಾಗಿದೆ" ಅಂತ ಒಂದೇ ಪದ ಇತ್ತು. ಬೇರೆ ಕಾಡಿಗೆ ಒಯ್ದು ಬಿಟ್ಟಿರಬೇಕು ಅಂದುಕೊಂಡಿದ್ದೆ. ನನ್ನ ಪ್ರೊಫೆಸರ್ ಹೇಮಲತಾ ಅವರನ್ನು ಕೇಳಿದರೆ, ಕನ್ನಡಕ ತೆಗೆದು ಒರೆಸುತ್ತಾ, "ಇಂಜೆಕ್ಷನ್ ಕೊಟ್ಟು ಮಲಗಿಸ್ತಾರೆ ಇಲ್ಮಾ. ಬೇರೆ ಕಡೆ ಬಿಟ್ರೆ ಅವನು ವಾಪಸ್ ಬರ್ತಾನೆ" ಅಂದರು. ಸಾಕಿದ ಗಂಡು ತೋಳವೊಂದನ್ನು ತಂದು ಆ ಹೆಣ್ಣಿನ ಜೊತೆ ಬಿಡುವವರಿದ್ದರಂತೆ, ಅದಕ್ಕೆ ಜಾಗ ತೆರವಾಗಬೇಕಿತ್ತು. ಸರಿಯಾದ ನಿರ್ಧಾರವೇ. ತೋಳ ಉಳಿಯಬೇಕಾದರೆ ಬೇರೆ ದಾರಿ ಇಲ್ಲ. ಆದರೂ ಆ ದಿನ ಮಧ್ಯಾಹ್ನವೇ ಲ್ಯಾಬ್ ಬಿಟ್ಟು ಬಂದು, ವಿಲ್ಮ್‌ಸ್ಲೋ ರೋಡಿನಲ್ಲಿ ಮೂರು ಬಸ್ಸು ಹೋಗಲು ಬಿಟ್ಟು ಸುಮ್ಮನೆ ನಿಂತಿದ್ದೆ. ಏಳು ವರ್ಷದ ಚುಕ್ಕೆಗಳು, ಆಮೇಲೆ ಚುಕ್ಕೆಯಿಲ್ಲ.

ಶಾರಿಕ್‌ನ ಅಮ್ಮ ಮತ್ತೆ ಕೇಳಿದರು. ನಾನು ಇನ್ನೂ ತಡೆಯಿರಿ ಅಂದಿದ್ದೇನೆ. ಶೋಯೆಬ್ ಅನ್ನುವ ಮನುಷ್ಯ ನನಗೆ ಮೂರು ವರ್ಷವಾಗಿದ್ದಾಗ ಎದ್ದು ಹೋದರು ಅಂತ ಅವರಿಗೆ ಗೊತ್ತು. ಬರ್ಮಿಂಗ್‌ಹ್ಯಾಮ್‌ನಲ್ಲಿದ್ದಾರೆ ಅಂತಲೂ ಗೊತ್ತು. ಅಮ್ಮಿ ನಿಮ್ಮನ್ನು ಮದುವೆಯಾದಾಗ ನನಗೆ ಏಳು. ಇದೆಲ್ಲ ಅವರ ಹತ್ತಿರ ಎಷ್ಟು ಸಲ ಹೇಳಲಿ? ದಯವಿಟ್ಟು ಒಂದು ದಿನ ರಜೆ ಹಾಕಿ ಬನ್ನಿ. ಭಾನುವಾರವೇ ಆಗಬೇಕಿಲ್ಲ.

ಇಲ್ಮಾ


ಬ್ರೂಮ್‌ಹಿಲ್
24 ನವೆಂಬರ್ 2024

ಇಲ್ಮಾ ಬೇಟಾ,

ಒಂದು ದಿನ ರಜೆ ಹಾಕಿದೆ. ಆದರೆ ನಿನ್ನ ಹತ್ತಿರ ಬರಲಿಲ್ಲ, ಬರ್ಮಿಂಗ್‌ಹ್ಯಾಮ್‌ಗೆ ಹೋದೆ.

ನಿನ್ನ ಎರಡು ಪತ್ರಗಳನ್ನೂ ಮುಂದಿಟ್ಟುಕೊಂಡು ಓದಿದ್ದೆ. ಅಪ್ಪನ ಜಾಗದ ಮಾತು, ಅದರ ಕೆಳಗೇ ಜಾಗ ಕಾಯುವ ಕಯೋಟಿಯ ಮಾತು. ನೀನು ಸೂಕ್ಷ್ಮದ ಹುಡುಗಿ, ನೇರವಾಗಿ ಹೇಳಿ ನನ್ನ ಮನಸ್ಸು ನೋಯಿಸುವವಳಲ್ಲ. ಹೀಗೆ ಹೇಳಿದ್ದೀಯ ಅಂತ ನನಗೆ ಅರ್ಥವಾಯಿತು. ನಿನಗೆ ಬೇಸರವಿಲ್ಲದ ಹಾಗೆ ನಾನೇ ಎದ್ದು ಜಾಗ ಬಿಡೋಣ ಅಂದುಕೊಂಡೆ.

ಸ್ಟೇಷನ್ ಪಕ್ಕದ ಕಾಫಿ ಅಂಗಡಿಯಲ್ಲಿ ಶೋಯೆಬ್ ಸಿಕ್ಕಿದರು. ಕಾರಿನ ಭಾಗಗಳ ಡಿಸೈನ್ ಮಾಡುವ ಕಂಪನಿಯಲ್ಲಿದ್ದಾರೆ. ಗಡ್ಡವೆಲ್ಲ ಬಿಳಿಯಾಗಿದೆ, ನನಗಿಂತ ಚಿಕ್ಕವರು ಆದರೆ ನನಗಿಂತ ಬಳಲಿದ್ದಾರೆ. "ನನಗೆ ಯಾವ ಮುಖ ಇದೆ ಖಾಸಿಂ ಭಾಯ್" ಅಂದರು. "ಮುಖದ ಮಾತು ಬಿಡಿ. ನಿಕಾಹ್ ಕಾಗದದಲ್ಲಿ ಇಲ್ಮಾ ಬಿಂತೆ ಶೋಯೆಬ್, ಶೋಯೆಬ್ ಮಗಳು ಅಂತಲೇ ಬರೆಯೋದು. ಹೆಸರು ನಿಮ್ಮದು, ಕೂರುವವರೂ ನೀವೇ ಆಗಲಿ" ಅಂದೆ. ಅವರು ಕಪ್ಪು ತಿರುಗಿಸುತ್ತಾ, "ಈಗ್ಲೂ ಎಡಗೈಲೇ ಬರೀತಾಳಾ?" ಅಂತ ಕೇಳಿದರು. ಹೌದು ಅಂದೆ.

ನಿಜ ಹೇಳುತ್ತೇನೆ, ಆ ಒಂದು ಪ್ರಶ್ನೆಗೆ ನನಗೆ ಹೊಟ್ಟೆಯುರಿಯಿತು. ನಿನ್ನ ಎಡಗೈಯ ವಿಷಯ ನನಗೆ ಮಾತ್ರ ಗೊತ್ತು ಅಂದುಕೊಂಡಿದ್ದೆ. ಬಲಗೈಯಲ್ಲಿ ಬರೆ ಅಂತ ನಿನ್ನ ನಾನಿ ಕೈ ಕಟ್ಟುತ್ತಿದ್ದಾಗ ಬಿಚ್ಚುತ್ತಿದ್ದವನು ನಾನು.

ಏಪ್ರಿಲ್‌ಗೆ ಬರುತ್ತೇನೆ ಅಂತ ಒಪ್ಪಿಕೊಂಡಿದ್ದಾರೆ. ಶಾರಿಕ್‌ನ ಅಮ್ಮನಿಗೆ ಈಗ ಉತ್ತರ ಕೊಡಬಹುದು. ನಾನು ಪಾರ್ಕಿಂಗ್, ಬಿರಿಯಾನಿ ನೋಡಿಕೊಳ್ಳುತ್ತೇನೆ. ಅದೂ ಒಬ್ಬರು ಮಾಡಬೇಕಲ್ಲ.

ಖಾಸಿಂ


ಫಾಲೋಫೀಲ್ಡ್
27 ನವೆಂಬರ್ 2024

ಚಾಚಾ,

ನಿಮ್ಮ ಪತ್ರ ಬಂತು. ನನ್ನನ್ನು ಒಂದು ಮಾತು ಕೇಳಲು ನಿಮಗೆ ಒಂದು ಭಾನುವಾರವೂ ಸಿಗಲಿಲ್ಲ, ಅವರನ್ನು ಕೇಳಲು ರಜೆ ಸಿಕ್ಕಿತು.

ಕಯೋಟಿಯ ಬಗ್ಗೆ ಬರೆದದ್ದು ನಾನು ಇಡೀ ದಿನ ನೋಡುವುದು ಅದನ್ನೇ ಆದ್ದರಿಂದ. ನೀವೇ ಕೆಲಸದ ಬಗ್ಗೆ ಕೇಳಿದಿರಿ ಅಂತ. ನಿಮ್ಮನ್ನು ಎಬ್ಬಿಸಲು ಪ್ರಾಣಿಯ ಕಥೆ ಕಟ್ಟುವಷ್ಟು ಸಣ್ಣವಳು ಅಂತ ನನ್ನನ್ನು ಇಪ್ಪತ್ತೆರಡು ವರ್ಷ ಬೆಳೆಸಿದವರೇ ಅಂದುಕೊಂಡಿರಲ್ಲ.

ರೋಟಾದಲ್ಲಿ ಪಾಳಿ ಸ್ವಾಪ್ ಮಾಡುವ ಹಾಗೆ ಅಪ್ಪನನ್ನು ಸ್ವಾಪ್ ಮಾಡಿಬಿಟ್ಟಿದ್ದೀರಿ. ನಿಮ್ಮ ಜಾಗಕ್ಕೆ ಜನ ಸಿಕ್ಕಿದರು, ನಿಮಗೆ ಆ ದಿನ ಆಫ್. ನನಗೆ ಸಾಕಾಗಿದೆ.

ಇಲ್ಮಾ


ಬ್ರೂಮ್‌ಹಿಲ್
12 ಜನವರಿ 2025

ಇಲ್ಮಾ ಬೇಟಾ,

ಡಿಸೆಂಬರ್‌ನಲ್ಲಿ ಎರಡು ಪತ್ರ ಬರೆದೆ, ಎರಡೂ ಹರಿದು ಹಾಕಿದೆ. ಒಂದರಲ್ಲಿ ನನ್ನದೇ ಸರಿ ಅಂತ ವಾದ ಮಾಡಿದ್ದೆ. ಇನ್ನೊಂದರಲ್ಲಿ ನನ್ನ ಮೇಲೆ ನಾನೇ ಕರುಣೆ ಸುರಿದುಕೊಂಡಿದ್ದೆ. ಎರಡೂ ಕಳಿಸುವಂಥವಲ್ಲ.

ಇದು ಮೂರನೆಯದು. ತಪ್ಪು ನನ್ನದು. ನೀನು ಎದುರಿಗೆ ಮಾತಾಡಬೇಕು ಅಂದದ್ದು ಯಾಕೆ ಅಂತ ನಾನು ಕೇಳಲೇ ಇಲ್ಲ. ಕೇಳಲು ಹೆದರಿದೆ. ನಿನ್ನ ಬಾಯಿಂದ "ಚಾಚಾ, ಈ ಸಲ ನೀವು ಬೇಡ" ಅಂತ ಕೇಳುವುದಕ್ಕಿಂತ ನಾನೇ ಮೊದಲು ಹೇಳಿಬಿಟ್ಟರೆ ಕಡಿಮೆ ನೋಯುತ್ತದೆ ಅಂದುಕೊಂಡೆ. ನಿನ್ನ ಅಮ್ಮಿ ಸಮ್ರಾಳನ್ನು ಮದುವೆಯಾದಾಗ ಹುಬ್ಬಳ್ಳಿಯಲ್ಲಿ ಜನ ಏನೇನು ಅಂದರು ನಿನಗೆ ಗೊತ್ತಿಲ್ಲ. ಸಮ್ರಾಳ ಸಂಸಾರ ಒಡೆದವನು ನಾನೇ ಅಂತ ಅವಳ ಸ್ವಂತ ಚಿಕ್ಕಪ್ಪ ಮಸೀದಿಯ ಬಾಗಿಲಲ್ಲಿ ನಿಂತು ಹೇಳಿದ್ದರು. ಶೋಯೆಬ್ ಹೋಗಿ ಆಗಲೇ ನಾಲ್ಕು ವರ್ಷವಾಗಿತ್ತು. ಆದರೂ ಆ ಮಾತು ಮೈಗೆ ಅಂಟಿಕೊಂಡಿತು. ನಿಮ್ಮ ಮನೆಯಲ್ಲಿ ನಾನು ಯಾವತ್ತೂ ಪೂರ್ತಿ ಕೂತೇ ಇಲ್ಲ ಅನ್ನಿಸುತ್ತದೆ. ಕುರ್ಚಿಯ ಅಂಚಿನಲ್ಲೇ ಇದ್ದೆ.

ಉತ್ತರ ಬರೆಯಲೇಬೇಕು ಅಂತ ಇಲ್ಲ. ಬಾಯ್ಲರ್ ರಿಪೇರಿಯಾಯಿತು.

ಖಾಸಿಂ


ಫಾಲೋಫೀಲ್ಡ್
23 ಫೆಬ್ರವರಿ 2025

ಖಾಸಿಂ ಚಾಚಾ,

ಮೊನ್ನೆ ಅಮ್ಮಿಯ ದಿನ ನೀವೊಬ್ಬರೇ ಖಬರಸ್ತಾನಕ್ಕೆ ಹೋಗಿ ಬಂದಿರಿ ಅಂತ ಜಯಣ್ಣ ಅಂಕಲ್ ಮೆಸೇಜ್ ಮಾಡಿದ್ದರು. ನಾನು ಬರಬೇಕಿತ್ತು. ಶೆಫೀಲ್ಡ್ ಸ್ಟೇಷನ್ ತನಕ ಬಂದು ವಾಪಸ್ ಹೋದೆ. ಕೋಪ ಇಳಿದಿತ್ತು, ಸುಸ್ತು ಇಳಿದಿರಲಿಲ್ಲ.

ಈಗ ಕೆಲಸದ ಬಗ್ಗೆ ಬರೆಯುತ್ತೇನೆ. ನಿಮ್ಮನ್ನು ಕಯೋಟಿ ಅಂದಳು ಅಂತ ಮತ್ತೆ ಮುಖ ಊದಿಸಿಕೊಂಡು ಬರ್ಮಿಂಗ್‌ಹ್ಯಾಮ್ ರೈಲು ಹತ್ತಬೇಡಿ.

ನನ್ನ ಹಾಳೆಗಳಲ್ಲಿ ಒಡೆದ ತೋಳದ ಜೋಡಿಗಳು ಇಪ್ಪತ್ತಮೂರು. ಕಯೋಟಿ ಬಂದದ್ದರಿಂದಲೇ ಜೋಡಿ ಒಡೆಯಿತು ಅಂತ ಅಲ್ಲಿಯ ಊರವರು ಹೇಳುತ್ತಾರೆ. ನಾನು ಒಂದೊಂದರ ತಾರೀಖನ್ನೂ ಪಕ್ಕ ಪಕ್ಕ ಇಟ್ಟು ನೋಡಿದೆ. ಹತ್ತೊಂಬತ್ತು ಜೋಡಿಗಳಲ್ಲಿ ಒಂದು ತೋಳ ಮೊದಲೇ ಹೋಗಿತ್ತು. ಬೇಟೆಯ ಕಾಲದಲ್ಲಿ ಗುಂಡಿಗೆ ಕೆಲವು, ಹೊಲಗಳ ನಡುವಿನ ರಸ್ತೆಯಲ್ಲಿ ಕಾರಿಗೆ ಸಿಕ್ಕು ಕೆಲವು. ಅದಾದ ಎರಡು ಮೂರು ತಿಂಗಳಿಗೇ ಬೆದೆಯ ಕಾಲ. ಉಳಿದ ತೋಳ ಒಂಟಿಯಾಗಿ ಅಲೆಯುತ್ತದೆ, ಸುತ್ತ ಎಲ್ಲೂ ತನ್ನ ಕುಲದ್ದು ಸಿಗುವುದಿಲ್ಲ. ಕಯೋಟಿಯ ಮೊದಲ ಚುಕ್ಕೆ ಆ ಜಾಗದಲ್ಲಿ ಬೀಳುವುದು ಸರಾಸರಿ ನಲವತ್ತೊಂದು ದಿನದ ಮೇಲೆ. ಮೊದಲು ಬಂದದ್ದು ಒಂದೂ ಇಲ್ಲ. ಕಾಡು ಅಗಲವಾಗಿದ್ದು ಜೋಡಿ ಗಟ್ಟಿಯಾಗಿರುವ ಕಡೆ ಕಯೋಟಿ ಹತ್ತಿರವೂ ಸುಳಿಯುವುದಿಲ್ಲ. ಮನೆ ಒಡೆಯುವುದು ಅವನಲ್ಲ ಚಾಚಾ. ಒಡೆದ ಮನೆಗೆ ಬರುವವನು ಅವನು.

ಉಳಿದ ನಾಲ್ಕು ಜೋಡಿಗಳದ್ದು ಏನು ಅಂತ ನನಗೆ ಇನ್ನೂ ಗೊತ್ತಿಲ್ಲ. ಥೀಸಿಸ್‌ನಲ್ಲಿ ಗೊತ್ತಿಲ್ಲ ಅಂತಲೇ ಬರೆಯುತ್ತೇನೆ.

ಈಗ ಸೆಪ್ಟೆಂಬರ್‌ನಲ್ಲಿ ಕೇಳಬೇಕಿದ್ದದ್ದು. ಶೋಯೆಬ್ ಬರಲಿ. ಫೋನ್ ಮಾಡಿ ಮಾತಾಡಿದೆ. ಕರೆದವರನ್ನು ಬೇಡ ಅನ್ನುವಷ್ಟು ಶಕ್ತಿ ನನಗಿಲ್ಲ, ಅವರ ಅಳುವಿಗೆ ಸಮಾಧಾನ ಹೇಳುವಷ್ಟೂ ಇಲ್ಲ. ಮುಂದಿನ ಸಾಲಿನಲ್ಲಿ ಕೂರುತ್ತಾರೆ, ಅಷ್ಟೇ. ಆದರೆ ನಿಕಾಹ್‌ಗೆ ನನ್ನ ಕಡೆಯ ವಕೀಲ್ ಬೇಕಲ್ಲ. ಒಳಗೆ ನನ್ನ ಹತ್ತಿರ ಬಂದು, ಇಂಥವರ ಮಗಳು ಇಂಥವಳೇ, ಈ ಹುಡುಗ ಒಪ್ಪಿಗೆಯೇ ಅಂತ ಮೂರು ಸಲ ಕೇಳಿ, ನನ್ನ ಮಾತನ್ನು ಹೊರಗೆ ಒಯ್ದು ಇಮಾಮರಿಗೆ ಹೇಳುವವರು. ಅದಕ್ಕೆ ಯಾರನ್ನು ಬೇಕಾದರೂ ನಾನೇ ನೇಮಿಸಬಹುದು ಅಂತ ಇಮಾಮರು ಹೇಳಿದರು. ಅಂದೇ ನಿಮ್ಮನ್ನು ಕೇಳಬೇಕು ಅಂತಿದ್ದೆ. ಈಗಲೂ ನಿಮ್ಮನ್ನೇ ಕೇಳುತ್ತಿದ್ದೇನೆ.

ಒಂದು ಕಷ್ಟ ಇದೆ. ಶೋಯೆಬ್ ಅವರ ಮಗಳು ಇಲ್ಮಾ ಅಂತ ನಿಮ್ಮ ಬಾಯಿಂದಲೇ ಮೂರು ಸಲ ಹೇಳಬೇಕು. ಅದು ನಿಮಗೆ ಎಷ್ಟು ಭಾರ ಅಂತ ಗೊತ್ತು. ಆದರೆ ಆ ಹೆಸರನ್ನು ಬೇರೆ ಯಾರ ಬಾಯಿಂದ ಕೇಳಿದರೂ ನನಗೆ ಹೂಂ ಅನ್ನಲಾಗುವುದಿಲ್ಲ.

ಅಬ್ಬಾ ಅಂತ ಕರಿ ಅಂತ ಅಮ್ಮಿ ಎಷ್ಟೋ ಸಲ ಹೇಳಿದಳು, ನಾನು ಕರೆಯಲಿಲ್ಲ. ಇನ್ನು ಮುಂದೆಯೂ ಕರೆಯುವುದಿಲ್ಲ. ಆ ಶಬ್ದವನ್ನು ಒಬ್ಬರು ಬಳಸಿ ಬಿಟ್ಟು ಹೋಗಿದ್ದಾರೆ, ನಿಮಗೆ ಸೆಕೆಂಡ್‌ಹ್ಯಾಂಡ್ ಕೊಡಲು ನನಗೆ ಇಷ್ಟವಿಲ್ಲ. ಚಾಚಾ ಅನ್ನುವುದು ಹೊಸದಾಗಿಯೇ ನಿಮಗೆ ಕೊಟ್ಟದ್ದು.

ಏಪ್ರಿಲ್ ಹತ್ತೊಂಬತ್ತು, ಶನಿವಾರ. ರೋಟಾದವರಿಗೆ ಇವತ್ತೇ ಹೇಳಿ.

ಇಲ್ಮಾ


ಬ್ರೂಮ್‌ಹಿಲ್
2 ಮಾರ್ಚ್ 2025

ಹೇಳಿದ್ದೇನೆ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಬೇಡ ಅಂದೆ. ಆಫೀಸಿನ ಹುಡುಗಿ ಗಾಬರಿಯಾಗಿ, "ಡಾಕ್ಟರ್, ಆರೋಗ್ಯ ತಾನೇ?" ಅಂತ ಕೇಳಿದಳು.

ಖಾಸಿಂ


ಬ್ರೂಮ್‌ಹಿಲ್
27 ಏಪ್ರಿಲ್ 2025

ಇಲ್ಮಾ ಬೇಟಾ,

ನೀನೂ ಶಾರಿಕ್‌ನೂ ಹೊರಟ ಮೇಲೆ ಒಂದು ವಾರ ಸುಮ್ಮನೆ ಮಲಗಿದೆ. ಜಯಣ್ಣ ಉಪ್ಪಿಟ್ಟು ತಂದುಕೊಟ್ಟು, ಅಲ್ಲಿ ನಡೆದದ್ದನ್ನೆಲ್ಲ ಕೇಳಿ ಹೋದ. ನೀನು ಒಳಗೆ ಇದ್ದೆ, ಹೊರಗಿನದು ನಿನಗೆ ಗೊತ್ತಿಲ್ಲ. ಅದಕ್ಕೆ ಬರೆಯುತ್ತೇನೆ.

ಮೊದಲನೇ ಸಲ ಕೇಳಿದಾಗ ನೀನು ಸುಮ್ಮನಿದ್ದೆ. ಎರಡನೇ ಸಲವೂ ಸುಮ್ಮನಿದ್ದೆ. ಹುಡುಗಿಯರು ಹಾಗೆಯೇ ಇರುವುದು ಅಂತ ಗೊತ್ತಿದ್ದೂ ನಾನು ನಿನ್ನ ಮುಖವನ್ನೇ ನೋಡಿದೆ. ಆ ಹೆಸರಿನಿಂದಾಗಿ ತಡೆದೆಯೇನೋ ಅಂದುಕೊಂಡೆ. ಮೂರನೇ ಸಲ ಆ ಹೆಸರನ್ನು ನಿಧಾನವಾಗಿ, ಪೂರ್ತಿಯಾಗಿ ಹೇಳಿದೆ. ಹೂಂ ಅಂದು ನೀನು ಎಡಗೈಯಲ್ಲಿ ಸಹಿ ಹಾಕಿದೆ. ಪೆನ್ನು ಹಿಡಿದ ಕೈ ಗಟ್ಟಿಯಾಗಿತ್ತು.

ಹೊರಗೆ ಬಂದು ಇಮಾಮರಿಗೆ ಹೇಳಿದೆ. ಅವರ ಫಾರಮ್ಮಿನಲ್ಲಿ ವಕೀಲನಿಗೆ ಹುಡುಗಿಯ ಜೊತೆ ಸಂಬಂಧ ಏನು ಅಂತ ಒಂದು ಕಾಲಂ ಇತ್ತು. ನಾನು ಪೆನ್ನು ಹಿಡಿದು ನಿಂತೆ. "ಖಾಲಿ ಬಿಡಬೇಡಿ ಡಾಕ್ಟರ್ ಸಾಬ್" ಅಂದರು. ಚಾಚಾ ಅಂತ ಬರೆದೆ. ಚಾಚಾ ಅಂದರೆ ಅಪ್ಪನ ತಮ್ಮನಲ್ಲವೇ, ಅವರು ಅದನ್ನು ನೋಡಿ, ಶೋಯೆಬ್ ಕಡೆ ನೋಡಿ, ನಾವಿಬ್ಬರೂ ಅಣ್ಣತಮ್ಮಂದಿರು ಅಂದುಕೊಂಡು ಇಬ್ಬರನ್ನೂ ಒಟ್ಟಿಗೆ ತಬ್ಬಿಕೊಂಡು ಮುಬಾರಕ್ ಹೇಳಿದರು. ನಾನು ತಿದ್ದಲಿಲ್ಲ. ಶೋಯೆಬ್ ಕೂಡ ತಿದ್ದಲಿಲ್ಲ. ಅವರು ಊಟ ಮಾಡಿಯೇ ಹೋದರು, ನಾನೇ ಬಡಿಸಿದೆ.

ಆದರೆ ಹೇಳಬೇಕಾದದ್ದು ಇದಲ್ಲ. ಇಮಾಮರು ನಿಕಾಹ್‌ನ ಖುತ್ಬಾ ಓದಲು ಎದ್ದಾಗ ಮುಂದಿನ ಸಾಲು ಪೂರ್ತಿ ತುಂಬಿತ್ತು. ಶಾರಿಕ್‌ನ ಕಡೆಯವರು, ಶೋಯೆಬ್, ನಿನ್ನ ಪ್ರೊಫೆಸರ್. ನಾನು ಅಭ್ಯಾಸದಂತೆ ಹಿಂದಕ್ಕೆ ಹೊರಟೆ, ಚಪ್ಪಲಿ ಬಿಡುವ ಕಡೆ ನಿಂತರೆ ಬಿರಿಯಾನಿ ವ್ಯಾನ್ ಬಂದದ್ದೂ ಕಾಣುತ್ತದೆ ಅಂತ. ಶಾರಿಕ್ ಕೂತಲ್ಲಿಂದಲೇ ಕೈ ಮಾಡಿ ಕರೆದ. ಅವನ ಪಕ್ಕದ ಕುರ್ಚಿಯಲ್ಲಿ ಯಾರೂ ಇರಲಿಲ್ಲ, ಒಂದು ಟವಲ್ ಇತ್ತು. ನಮ್ಮ ಮನೆಯ ಹಳೆಯ ಹಸಿರು ಟವಲ್, ಅಂಚು ಕಿತ್ತದ್ದು. ಎಷ್ಟೋ ತಿಂಗಳಿಂದ ಕಾಣೆಯಾಗಿದೆ ಅಂತ ಹುಡುಕುತ್ತಿದ್ದೆ.

"ಇಲ್ಮಾ ಬೆಳಿಗ್ಗೇನೇ ಹಾಕ್ಸಿದ್ಲು ಚಾಚಾ" ಅಂದ ಶಾರಿಕ್. "ಮೂರು ಜನ ಕೂರೋಕೆ ಬಂದ್ರು, ನಾನು ಬಿಡ್ಲಿಲ್ಲ."

ನಾನು ಟವಲ್ ಎತ್ತಿ ಕೊಡವಿ ಹೆಗಲಿಗೆ ಹಾಕಿಕೊಂಡೆ. ಕಾಲು ಬಹಳ ನೋಯುತ್ತಿತ್ತು ಬೇಟಾ. ಬೆನ್ನು ತಾಗುವಷ್ಟು ಹಿಂದಕ್ಕೆ ಸರಿದು ಕೂತೆ.

ನಿನ್ನ
ಚಾಚಾ